ರೋಗ ತಡೆಯುವುದು ದೈವೇಚ್ಛೆಗೆ ವಿರೋಧವೇ?

ರೋಗ ಬರುವುದು ದೇವರ ಇಚ್ಛೆಯಿಂದಲೋ ಹಿಂದಿನ ಕರ್ಮದಿಂದಲೋ ಆಗಿದ್ದರೆ, ಅದನ್ನು ಬರುವ ಮೊದಲೇ ತಡೆಯುವ ಅಧಿಕಾರ ಮನುಷ್ಯನಿಗೆ ಇದೆಯೇ? ಬಂದ ರೋಗಕ್ಕೆ ಮದ್ದು ಕೊಡುವುದನ್ನು ಬಹುಪಾಲು ಧರ್ಮಗಳು ಆಕ್ಷೇಪಿಸಿಲ್ಲ. ತಕರಾರು ಎದ್ದದ್ದು ಲಸಿಕೆಯ ವಿಷಯದಲ್ಲಿ. ಲಸಿಕೆಯನ್ನು ಆರೋಗ್ಯವಾಗಿರುವವರಿಗೆ, ಅದರಲ್ಲೂ ಏನೂ ಅರಿಯದ ಕೂಸಿಗೆ ಕೊಡುತ್ತಾರೆ. ಇನ್ನೂ ಬಂದಿರದ, ಬಾರದೆಯೂ ಹೋಗಬಹುದಾದ ಕಷ್ಟಕ್ಕೆ ಮುಂಚೆಯೇ ಮಾಡುವ ಏರ್ಪಾಡು ಅದು. ಹೀಗಾಗಿ ಅದರ ಬೆನ್ನಿಗೆ ಮೂರು ಪ್ರಶ್ನೆಗಳು ಬರುತ್ತವೆ: ರೋಗಕ್ಕೆ ಕಾರಣ ಯಾರು, ದೇಹ ತನ್ನನ್ನು ಕಾಯುವುದು ಯಾವ ಬಲದಿಂದ, ಒಬ್ಬರ ದೇಹದ ವಿಷಯದಲ್ಲಿ ಊರಿನ ಉಳಿದವರಿಗೆ ಮಾತಾಡುವ ಹಕ್ಕು ಉಂಟೇ.

ದಕ್ಷಿಣ ಗೋವಾದ ಮುರಗಾಂವ್ ತಾಲ್ಲೂಕಿನ ಸಾಂಕೋಲೆ ಈ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಲು ತಕ್ಕ ಊರು. ಜುವಾರಿ ನದಿಯ ದಕ್ಷಿಣ ದಂಡೆಯ ಈ ಊರಿನ ಹಳೆಯ ಹೆಸರು ಶಂಖವಾಳ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಆಡಳಿತ ದೇವಾಲಯಗಳನ್ನು ಕೆಡವತೊಡಗಿದಾಗ ಇಲ್ಲಿನ ಲಕ್ಷ್ಮೀನರಸಿಂಹನನ್ನು ವೆಲಿಂಗಕ್ಕೂ ವಿಜಯದುರ್ಗೆಯನ್ನು ಕೇರಿಗೂ ಕೊಂಡೊಯ್ದರು. ಎರಡೂ ಊರು ಇಂದಿನ ಫೋಂಡಾ ತಾಲ್ಲೂಕಿನಲ್ಲಿವೆ. ಆಮೇಲೆ ಇಲ್ಲಿ ಎದ್ದ ಇಗರ್ಜಿ ಆರೋಗ್ಯ ಮಾತೆಯದು. 19ನೇ ಶತಮಾನದಲ್ಲಿ ಅದು ಬೆಂಕಿಗೆ ಸಿಕ್ಕಿತು. ಈಗ ಅದರ ಮುಂಭಾಗದ ಗೋಡೆಯಷ್ಟೇ ಸಂರಕ್ಷಿತ ಸ್ಮಾರಕವಾಗಿ ಉಳಿದಿದೆ. 1970ರ ದಶಕದಲ್ಲಿ ರಸಗೊಬ್ಬರ ಕಾರ್ಖಾನೆ ಬಂದ ಮೇಲೆ ಬೆಳೆದ ಜುವಾರಿನಗರವೂ ಸಾಂಕೋಲೆಯದೇ ಭಾಗ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗುಳೆ ಬಂದ ಕನ್ನಡ ಕುಟುಂಬಗಳು ಅಲ್ಲಿ ನೆಲೆಸಿವೆ. ಅವರೊಂದಿಗೆ ಎಲ್ಲಮ್ಮ, ದ್ಯಾಮವ್ವ, ಮಾರಮ್ಮರ ಭಕ್ತಿಯೂ ಬಂದಿದೆ. ಆರೋಗ್ಯ ಕೊಡು ಎಂದು ಮೊರೆಯಿಡುವ ಮಾತೆ, ರೋಗವಾಗಿ ಬಂದು ರೋಗವನ್ನು ತಾನೇ ಹಿಂತೆಗೆದುಕೊಳ್ಳುವ ಅಮ್ಮ, ಈ ಎರಡು ಕಲ್ಪನೆಗಳೂ ಒಂದೇ ಊರಿನಲ್ಲಿ ಅಕ್ಕಪಕ್ಕ ಇವೆ.

ದೈವ ಮತ್ತು ಪುರುಷಕಾರ

ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸಿಡುಬು ಬಂದರೆ ಮನೆಗೆ ಅಮ್ಮ ಬಂದಳೆಂದೇ ಭಾವಿಸುತ್ತಿದ್ದರು. ಅವಳು ಇಲ್ಲಿ ಮಾರಮ್ಮ, ಉತ್ತರ ಭಾರತದಲ್ಲಿ ಶೀತಲಾದೇವಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರನ್ನು ಒಳಗೆ ಕರೆಯುತ್ತಿರಲಿಲ್ಲ. ರೋಗಿಯನ್ನು ಬೇವಿನೆಲೆಯ ಮೇಲೆ ಮಲಗಿಸಿ ತಂಪಾದ ಆಹಾರ ಕೊಡುತ್ತಿದ್ದರು. ಇಳಿದ ಮೇಲೆ ನೀರು ಹಾಕಿ ಅಮ್ಮನನ್ನು ಕಳಿಸಿಕೊಡುತ್ತಿದ್ದರು. ಸೋಂಕಿದ ಹತ್ತು ಮಂದಿಯಲ್ಲಿ ಸುಮಾರು ಮೂವರನ್ನು ಕೊಲ್ಲುತ್ತಿದ್ದ, ಉಳಿದವರ ಮುಖದ ಮೇಲೆ ಕಲೆ ಬಿಡುತ್ತಿದ್ದ, ಹಲವರ ಕಣ್ಣನ್ನೇ ಕಳೆಯುತ್ತಿದ್ದ ರೋಗವದು. ಬೇರೆ ಉಪಾಯವೇ ಇಲ್ಲದಿದ್ದ ಕಾಲದಲ್ಲಿ ಈ ನಂಬಿಕೆ ಎರಡು ಕೆಲಸ ಮಾಡಿತು. ರೋಗಿಯನ್ನು ಪಾಪಿಯೆಂದು ತಳ್ಳದೆ, ದೇವಿ ನೆಲೆಸಿದ ದೇಹವೆಂದು ಮರ್ಯಾದೆಯಿಂದ ಕಂಡಿತು. ಮನೆಗೆ ಹೋಗಿಬರುವವರನ್ನು ತಡೆದು ಸೋಂಕಿನ ದಾರಿಯನ್ನೂ ಒಂದಷ್ಟು ಮುಚ್ಚಿತು. ಆದರೆ ಅಮ್ಮನ ಆಟಕ್ಕೆ ಅಡ್ಡಬಂದರೆ ಅವಳ ಮುನಿಸು ಇಡೀ ಊರಿಗೆ ತಟ್ಟೀತೆಂಬ ಭಯವೂ ಅದರೊಳಗೇ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ನುಗ್ಗಿದ ಮೇಲೆ ಪ್ಲೇಗ್ ಮಾರಮ್ಮನಿಗೂ ಗುಡಿಗಳಾದವು. ಹೊಸ ರೋಗಕ್ಕೂ ಹಳೆಯ ದೇವಿಯೇ ಹೊಣೆಯಾದಳು.

ಶಾಸ್ತ್ರಗ್ರಂಥಗಳು ಇದನ್ನು ಬೇರೆ ದಾರಿಯಲ್ಲಿ ವಿಚಾರಿಸಿವೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೇ ಅಧ್ಯಾಯದ ವಿಷಯ ಜನಪದೋದ್ಧ್ವಂಸ, ಅಂದರೆ ಊರಿಗೆ ಊರನ್ನೇ ಅಳಿಸುವ ಪಿಡುಗು. ಪ್ರಕೃತಿ, ಆಹಾರ, ವಯಸ್ಸು ಒಂದೊಂದೂ ಬೇರೆಯಾಗಿರುವ ಜನ ಒಂದೇ ಕಾಲಕ್ಕೆ ಒಂದೇ ರೋಗಕ್ಕೆ ತುತ್ತಾಗುವುದು ಹೇಗೆ ಎಂಬ ಪ್ರಶ್ನೆಗೆ ಅದು, ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲ ಕೆಡುವುದೇ ಕಾರಣವೆನ್ನುತ್ತದೆ. ಅವು ಕೆಡುವುದಕ್ಕೆ ಅಧರ್ಮ ಮೂಲವೆನ್ನುತ್ತದೆ. ಅದೇ ಅಧ್ಯಾಯದಲ್ಲಿ ಆಯುಷ್ಯ ಮೊದಲೇ ನಿಗದಿಯಾಗಿದೆಯೇ ಎಂಬ ಚರ್ಚೆಯೂ ಇದೆ. ಎಲ್ಲವೂ ನಿಗದಿಯಾಗಿದ್ದರೆ ಔಷಧಕ್ಕಾಗಲಿ ಎಚ್ಚರಿಕೆಗಾಗಲಿ ಅರ್ಥವೇ ಇರುತ್ತಿರಲಿಲ್ಲ ಎಂಬುದು ಅಲ್ಲಿನ ವಾದ. ಹಿಂದಿನ ಜನ್ಮದ ಕರ್ಮ ದೈವ. ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ಆಯುಷ್ಯ ನಿಂತಿರುವುದು ಎರಡರ ಬಲಾಬಲದ ಮೇಲೆ. ಬಲವಾದ ಪುರುಷಕಾರ ದುರ್ಬಲ ದೈವವನ್ನು ಮೀರಬಲ್ಲದು. ಕರ್ಮಸಿದ್ಧಾಂತವನ್ನು ಹೀಗೆ ಓದಿಕೊಂಡರೆ ರೋಗ ತಡೆಯುವ ಯತ್ನ ಕರ್ಮಕ್ಕೆ ವಿರೋಧವಾಗುವುದಿಲ್ಲ. ಅದೂ ಒಂದು ಕರ್ಮವೇ.

ಕ್ರೈಸ್ತ ಜಗತ್ತಿನಲ್ಲೂ ಇದೇ ಚರ್ಚೆ ನಡೆಯಿತು. ಸಿಡುಬಿನ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಸೋಕಿಸಿ ಸೌಮ್ಯ ರೂಪದ ಸಿಡುಬು ಬರಿಸುವ ಹಳೆಯ ಪದ್ಧತಿ 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಕ್ಕೆ ತಲುಪಿತು. ಭಾರತದ ಬಂಗಾಳದಲ್ಲೂ ಟೀಕಾದಾರರೆಂಬ ಕಸುಬಿನವರು ಶೀತಲೆಗೆ ಪೂಜೆ ಸಲ್ಲಿಸಿ ಇದನ್ನು ಮಾಡುತ್ತಿದ್ದರು. 1722ರಲ್ಲಿ ಲಂಡನ್ನಿನ ಪಾದ್ರಿ ಎಡ್ಮಂಡ್ ಮ್ಯಾಸಿ, ರೋಗವನ್ನು ದೇವರು ಕಳಿಸುವುದು ನಂಬಿಕೆಯ ಪರೀಕ್ಷೆಗೆ ಅಥವಾ ಪಾಪದ ಶಿಕ್ಷೆಗೆ, ಅದನ್ನು ಮನುಷ್ಯ ತಾನಾಗಿ ಬರಿಸಿಕೊಳ್ಳುವುದು ಪಾಪ ಎಂದು ಬೋಧಿಸಿದ. ಅದಕ್ಕೆ ಒಂದು ವರ್ಷ ಮೊದಲು ಬಾಸ್ಟನ್ನಿನಲ್ಲಿ ಈ ಪದ್ಧತಿಗಾಗಿ ವಾದಿಸಿದವನೂ ಪಾದ್ರಿಯೇ: ಕಾಟನ್ ಮ್ಯಾದರ್. ಅವನಿಗೆ ಇದನ್ನು ತಿಳಿಸಿದ್ದು ಒನೆಸಿಮಸ್ ಎಂಬ ಆಫ್ರಿಕಾ ಮೂಲದ ಗುಲಾಮ. ಆ ವರ್ಷ ಬಾಸ್ಟನ್ನಿನಲ್ಲಿ ತಾನಾಗಿ ಸಿಡುಬು ತಗುಲಿದವರಲ್ಲಿ ನೂರಕ್ಕೆ ಸುಮಾರು 14 ಮಂದಿ ಸತ್ತರು. ಕೀವು ಹಾಕಿಸಿಕೊಂಡವರಲ್ಲಿ ನೂರಕ್ಕೆ 2ರಷ್ಟು. ಒಂದೇ ದೇವರನ್ನು ನಂಬಿದ ಇಬ್ಬರು ಒಂದೇ ಸಂಗತಿಯಿಂದ ಎದುರುಬದುರಾದ ತೀರ್ಮಾನಕ್ಕೆ ಬಂದಿದ್ದರು. ದೈವೇಚ್ಛೆ ಎಂಬ ಮಾತೊಂದರಿಂದಲೇ ಪ್ರಶ್ನೆ ಬಗೆಹರಿಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಸ್ಲಾಂ ಸಂಪ್ರದಾಯದಲ್ಲಿ ಪ್ಲೇಗ್ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಬಾರದು ಎಂಬ ಪ್ರವಾದಿಯ ಉಪದೇಶವಿದೆ. ವಿಧಿಯಲ್ಲಿ ನಂಬಿಕೆಯಿಟ್ಟ ಧರ್ಮವೇ ಸೋಂಕು ಹರಡದಂತೆ ನೋಡಿಕೊಳ್ಳುವ ಹೊಣೆಯನ್ನು ಮನುಷ್ಯನ ಮೇಲೆ ಹೊರಿಸಿತು.

ಸಾಂಕೋಲೆಯ ಸಂತನೊಬ್ಬ ಈ ಪ್ರಶ್ನೆಗೆ ವಾದದಿಂದಲ್ಲ, ನಡತೆಯಿಂದ ಉತ್ತರ ಕೊಟ್ಟ. ಜೋಸೆಫ್ ವಾಝ್ 1651ರಲ್ಲಿ ತಾಯಿಯ ಊರಾದ ಬೆನಾವ್ಲಿಯಲ್ಲಿ ಹುಟ್ಟಿದ. ತಂದೆಯ ಊರು ಸಾಂಕೋಲೆ. ಪಾದ್ರಿಯಾದ ಮೇಲೆ ಅಲ್ಲಿ ಲ್ಯಾಟಿನ್ ಶಾಲೆ ತೆರೆದ. 1677ರಲ್ಲಿ ಮಾತೆ ಮರಿಯಳಿಗೆ ತಾನು ದಾಸನೆಂದು ಪತ್ರ ಬರೆದುಕೊಟ್ಟ. 1681ರಿಂದ 1684ರವರೆಗೆ ಕೆನರಾದ ಮಂಗಳೂರು, ಬಸರೂರು, ಗಂಗೊಳ್ಳಿಯ ಕಡೆ ಓಡಾಡಿದ. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಅವನ ಪುಣ್ಯಕ್ಷೇತ್ರವಿದೆ. ಆಮೇಲೆ ಶ್ರೀಲಂಕಾಕ್ಕೆ ಹೋದ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದಾಗ ರಾಜನೂ ಊರಿನ ಜನರೂ ಊರು ಬಿಟ್ಟರು, ರೋಗಿಗಳನ್ನು ಕೇಳುವವರಿಲ್ಲದಂತಾಯಿತು. ಅವರ ಜಾತಿ ಮತ ಕೇಳದೆ ಆರೈಕೆ ಮಾಡಿ, ಸತ್ತವರನ್ನು ಮಣ್ಣು ಮಾಡಿದವರು ವಾಝ್ ಮತ್ತು ಪಾದ್ರಿಯಾಗಿದ್ದ ಅವನ ಸೋದರಳಿಯ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಅವನ ಕೈಯಲ್ಲಿ ಇದ್ದದ್ದು ಅನ್ನ, ನೀರು, ಶುಶ್ರೂಷೆ ಮಾತ್ರ. ಲಸಿಕೆ ಬರಲು ಇನ್ನೂ 99 ವರ್ಷ ಇತ್ತು. ರೋಗವನ್ನು ಕಳಿಸಿದವರು ಯಾರೇ ಆಗಿರಲಿ, ರೋಗಿಯ ಬಗ್ಗೆ ಮನುಷ್ಯನಿಗಿರುವ ಹೊಣೆ ಅದರಿಂದ ಕಡಿಮೆಯಾಗದು ಎಂಬುದು ಆ ನಡತೆಯ ಅರ್ಥ. ರೋಗದಲ್ಲಿ ನರಳುವವರಿಗೆ ನೀರು ಕೊಡುವುದು ಪುಣ್ಯವಾದರೆ, ನರಳುವ ಸ್ಥಿತಿಯೇ ಬಾರದಂತೆ ನೋಡಿಕೊಳ್ಳುವುದು ಪಾಪವಾಗುವುದು ಹೇಗೆ?

ದೇಹ ಕಲಿಯುವ ಬಗೆ

ಎರಡನೆಯ ಪ್ರಶ್ನೆಗೆ ಉತ್ತರ ದೇಹದೊಳಗಿದೆ. ಚರ್ಮ, ಮೂಗು ಮತ್ತು ಗಂಟಲಿನ ಲೋಳೆ, ಜಠರದ ಆಮ್ಲ ರೋಗಾಣುಗಳಿಗೆ ಮೊದಲ ತಡೆ. ಅದನ್ನು ದಾಟಿ ಬಂದವನ್ನು ಹುಟ್ಟಿನಿಂದಲೇ ಬಂದ ರಕ್ಷಣೆ ಕೆಲವೇ ಗಂಟೆಗಳಲ್ಲಿ ಎದುರಿಸುತ್ತದೆ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಹಲವು ರೋಗಾಣುಗಳಲ್ಲಿ ಸಾಮಾನ್ಯವಾಗಿರುವ ಗುರುತುಗಳನ್ನು ಹಿಡಿದು ಅವನ್ನು ನುಂಗುತ್ತವೆ. ಕಣಗಳು ಹೀಗೆ ನುಂಗುವುದನ್ನು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1880ರ ದಶಕದ ಆರಂಭದಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಕಂಡ. ದೇವಿಯ ಮುನಿಸೆಂದು ಜನ ಅಂಜಿದ ಜ್ವರ, ಊತ, ನೋವು ಬಹುಮಟ್ಟಿಗೆ ಈ ರಕ್ಷಣೆಯದೇ ಕೆಲಸದ ಗುರುತು.

ಇದು ಸಾಲದಾದಾಗ ಕಲಿಯುವ ರಕ್ಷಣೆ ಮುಂದೆ ಬರುತ್ತದೆ. ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕುಗಳನ್ನು ದುಗ್ಧರಸ ಗ್ರಂಥಿಗಳಿಗೆ ಒಯ್ದು ಅಲ್ಲಿರುವ ಟಿ ಕೋಶಗಳಿಗೆ ತೋರಿಸುತ್ತವೆ. ಬಿ ಮತ್ತು ಟಿ ಕೋಶಗಳ ಮೇಲೆ ರೋಗಾಣುವನ್ನು ಹಿಡಿಯುವ ಗ್ರಾಹಕಗಳಿದ್ದು, ಒಂದೊಂದು ಕೋಶದ್ದು ಒಂದೊಂದು ಆಕಾರ. ಜೀನ್ ತುಣುಕುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ದೇಹ ಈ ವೈವಿಧ್ಯವನ್ನು ರೋಗಾಣು ಬರುವ ಮೊದಲೇ ಸಿದ್ಧಮಾಡಿಟ್ಟುಕೊಂಡಿರುತ್ತದೆ. ರೋಗಾಣುವನ್ನು ಹಿಡಿಯುವ ಪ್ರೋಟೀನುಗಳಾದ ಪ್ರತಿಕಾಯಗಳಲ್ಲಿ ಇದನ್ನು ತೋರಿಸಿಕೊಟ್ಟದ್ದಕ್ಕೆ ಸುಸುಮು ತೊನೆಗಾವಾಗೆ 1987ರ ನೊಬೆಲ್ ಬಂತು. ಬಂದ ರೋಗಾಣುವಿಗೆ ಹೊಂದುವ ಕೋಶ ಆಯ್ಕೆಯಾಗಿ ಸಾವಿರಾರು ಪಟ್ಟು ಹೆಚ್ಚುತ್ತದೆ. ಬಿ ಕೋಶಗಳ ಸಂತತಿ ಪ್ರತಿಕಾಯಗಳನ್ನು ಸ್ರವಿಸುತ್ತದೆ. ಕೊಲ್ಲುವ ಟಿ ಕೋಶಗಳು ವೈರಸ್ ಹೊಕ್ಕ ಕೋಶಗಳನ್ನು ನಾಶಮಾಡುತ್ತವೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಬೇಕು, ಆ ಅವಧಿಯಲ್ಲೇ ರೋಗಿ ಸಾಯಬಹುದು. ಬದುಕುಳಿದರೆ ಕೆಲವು ಕೋಶಗಳು ವರ್ಷಗಟ್ಟಲೆ, ಕೆಲವು ರೋಗಗಳಲ್ಲಿ ಜೀವಮಾನವಿಡೀ, ನೆನಪಾಗಿ ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಉತ್ತರ ಕೆಲವೇ ದಿನಗಳಲ್ಲಿ ಸಿದ್ಧ. ಕ್ರಿ.ಪೂ. 430ರ ಅಥೆನ್ಸಿನ ಪಿಡುಗನ್ನು ದಾಖಲಿಸಿದ ಥುಸಿಡಿಡೀಸ್ ಇದರ ಫಲವನ್ನು ಆಗಲೇ ಗುರುತಿಸಿದ್ದ: ಒಮ್ಮೆ ರೋಗ ಬಂದು ವಾಸಿಯಾದವರು ಅಂಜದೆ ಉಳಿದವರ ಆರೈಕೆಗೆ ನಿಂತಿದ್ದರು.

ಈ ವ್ಯವಸ್ಥೆ ಬರೀ ಕೊಲ್ಲುವುದನ್ನಷ್ಟೇ ಅಲ್ಲ, ಬಿಡುವುದನ್ನೂ ಕಲಿತಿದೆ. ದೇಹದ ಸ್ವಂತ ಅಂಗಾಂಶಕ್ಕೆ ತಿರುಗಿಬೀಳುವ ಟಿ ಕೋಶಗಳಲ್ಲಿ ಬಹುಪಾಲನ್ನು ಎದೆಯ ಥೈಮಸ್ ಗ್ರಂಥಿ ಬೆಳೆಯುವ ಹಂತದಲ್ಲೇ ತೆಗೆದುಹಾಕುತ್ತದೆ. ತಪ್ಪಿಸಿಕೊಂಡು ಹೊರಬಂದವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಶೋಧಕ್ಕೆ 2025ರ ವೈದ್ಯಕೀಯ ನೊಬೆಲ್ ಸಂದಿತು. ಕರುಳಿನ ಕೋಟಿ ಕೋಟಿ ಬ್ಯಾಕ್ಟೀರಿಯಾಗಳನ್ನೂ ಗರ್ಭದಲ್ಲಿರುವ ಶಿಶುವನ್ನೂ ದೇಹ ಪರಕೀಯವೆಂದು ಹೊರದೂಡುವುದಿಲ್ಲ. ಈ ವಿವೇಚನೆ ತಪ್ಪಿದಾಗ ಟೈಪ್ 1 ಮಧುಮೇಹ, ಕೀಲುವಾತದಂಥ ರೋಗಗಳು ಬರುತ್ತವೆ. ತನ್ನದು, ಪರದ್ದು ಎಂಬ ಈ ಗೆರೆ ಕಲಿಕೆಯಿಂದ ಮೂಡಿದ್ದು; ಸರಿಯುತ್ತದೆ, ಎಡವುತ್ತದೆ ಕೂಡ. ಉಪನಿಷತ್ತುಗಳು ಹೇಳುವ ಬದಲಾಗದ ಆತ್ಮಕ್ಕೆ ಇದನ್ನು ಸಾಕ್ಷಿಯಾಗಿ ತರಲಾಗದು. ವ್ಯಕ್ತಿಯನ್ನು ಸದಾ ಬದಲಾಗುವ ಪ್ರವಾಹವೆಂದು ಕಂಡ ಬೌದ್ಧ ವಿಚಾರಕ್ಕೆ ಇದು ಹೆಚ್ಚು ಹತ್ತಿರ.

ಲಸಿಕೆ ಮಾಡುವುದೇನು

ರೋಗದ ಅಪಾಯವಿಲ್ಲದೆ ಆ ನೆನಪನ್ನು ಮೂಡಿಸುವುದೇ ಲಸಿಕೆಯ ಕೆಲಸ. ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಹಸುವಿನಿಂದ ತಗುಲುವ ಗೋಸಿಡುಬು ಬಂದುಹೋದರೆ ಸಿಡುಬು ತಟ್ಟದೆಂಬ ಮಾತು ಇಂಗ್ಲೆಂಡಿನ ಹಳ್ಳಿಗಳಲ್ಲಿತ್ತು. 1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಅದನ್ನು ಎಂಟು ವರ್ಷದ ಹುಡುಗನೊಬ್ಬನ ಮೇಲೆ ಪರೀಕ್ಷಿಸಿದ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲಕಿಗೆ ಹಾಕಿದ್ದು ಭಾರತದ ಮೊದಲ ಯಶಸ್ವಿ ಲಸಿಕೆ. ಮೈಸೂರಿನ ರಾಜಮನೆತನದ ಮೂವರು ಸ್ತ್ರೀಯರನ್ನು ಥಾಮಸ್ ಹಿಕಿ ಸುಮಾರು 1805ರಲ್ಲಿ ಚಿತ್ರಿಸಿದ. ಅದರಲ್ಲಿ ಮುಮ್ಮಡಿ ಕೃಷ್ಣರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಮುಂದೆ ಈ ದಾರಿಯಲ್ಲೇ ಸಿಡುಬು ಜಗತ್ತಿನಿಂದ ಅಳಿಯಿತು. ವಿಶ್ವ ಆರೋಗ್ಯ ಸಭೆ 1980ರ ಮೇ 8ರಂದು ಅದನ್ನು ಘೋಷಿಸಿತು.

ಇಂದಿನ ಲಸಿಕೆಗಳು ಹಲವು ಬಗೆಯವು. ದಡಾರ, ರುಬೆಲ್ಲಾ ಮತ್ತು ಬಿಸಿಜಿ ಲಸಿಕೆಗಳಲ್ಲಿ ಬಲಗುಂದಿದ ಜೀವಂತ ರೋಗಾಣು ಇರುತ್ತದೆ. ಪೋಲಿಯೊ ಚುಚ್ಚುಮದ್ದು, ಕೋವ್ಯಾಕ್ಸಿನ್‌ನಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ವೈರಸ್. ಧನುರ್ವಾಯು, ಗಂಟಲುಮಾರಿ ಲಸಿಕೆಗಳು ವಿಷ ತೆಗೆದ ಟಾಕ್ಸಾಯ್ಡ್‌ಗಳು. ಹೆಪಟೈಟಿಸ್ ಬಿ ಲಸಿಕೆ ವೈರಸ್ಸಿನ ಒಂದು ಪ್ರೋಟೀನ್ ಮಾತ್ರ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳು ಅಂಥ ಪ್ರೋಟೀನನ್ನು ಕೆಲಕಾಲ ತಯಾರಿಸುವ ಸೂಚನೆಯನ್ನಷ್ಟೇ ಕೋಶಕ್ಕೆ ಕೊಡುತ್ತವೆ. ಬಗೆ ಯಾವುದಾದರೂ ಲಸಿಕೆ ತಾನಾಗಿ ರೋಗಾಣುವನ್ನು ಕೊಲ್ಲದು. ಕೊಲ್ಲುವುದು ದೇಹ. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಲಸಿಕೆ ಸರಿಯಾಗಿ ಹತ್ತದಿರುವುದೇ ಇದಕ್ಕೆ ಪುರಾವೆ. ದೇವರು ಕೊಟ್ಟ ದೇಹದಲ್ಲಿ ಕೈಯಾಡಿಸುವುದು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಈ ಶಕ್ತಿಯನ್ನು ಸೃಷ್ಟಿಕರ್ತನ ವರವೆಂದು ಭಕ್ತರು ಎಣಿಸಲಿ, ವಿಕಾಸದ ಫಲವೆಂದು ವಿಚಾರವಾದಿಗಳು ಎಣಿಸಲಿ, ಲಸಿಕೆ ನೆಚ್ಚಿಕೊಂಡಿರುವುದು ಆ ಶಕ್ತಿಯನ್ನೇ. ಬೀಜದಲ್ಲಿ ಮೊಳೆಯುವ ಗುಣವಿಲ್ಲದಿದ್ದರೆ ನೀರೆರೆದು ಫಲವಿಲ್ಲ.

ತಾನಾಗಿ ಬಂದುಹೋಗುವ ರೋಗವೇ ಮೇಲು ಎಂಬ ಮಾತೂ ಪರೀಕ್ಷೆಯಲ್ಲಿ ನಿಲ್ಲದು. ದಡಾರ ಬಂದ ಮಕ್ಕಳಲ್ಲಿ ಬೇರೆ ರೋಗಗಳ ವಿರುದ್ಧ ಮೊದಲೇ ಗಳಿಸಿದ್ದ ಪ್ರತಿಕಾಯಗಳ ಒಂದು ಪಾಲು ಅಳಿಸಿಹೋಗುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ಲಸಿಕೆ ದಡಾರದ ನೆನಪನ್ನು ಕೊಡುತ್ತದೆ. ಉಳಿದ ನೆನಪುಗಳನ್ನು ಅಳಿಸುವುದಿಲ್ಲ.

ತನಗಾಗಿ, ಪರರಿಗಾಗಿ

ಮೂರನೆಯ ಪ್ರಶ್ನೆ ನೀತಿಯದು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದರ ಲಸಿಕೆ ಹಾಕಿಸಿಕೊಂಡವರನ್ನು ಮಾತ್ರ ಕಾಯುತ್ತದೆ. ಗರ್ಭಿಣಿ ಹಾಕಿಸಿಕೊಂಡರೆ ಅವಳ ಪ್ರತಿಕಾಯಗಳು ಕೂಸಿಗೂ ದಾಟುತ್ತವೆ. ದಡಾರ ಹಾಗಲ್ಲ. ಯಾರಿಗೂ ರಕ್ಷಣೆಯಿಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ಹರಡಬಲ್ಲದು. ಅದನ್ನು ತಡೆಯಲು ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಇರಬೇಕು. ಆಗ ಲಸಿಕೆ ಹಾಕುವ ವಯಸ್ಸಾಗದ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಲಸಿಕೆ ಹತ್ತದವರು ಕೂಡ ಸುತ್ತಲಿನವರ ಬಲದಿಂದ ಬದುಕುತ್ತಾರೆ. ಇಲ್ಲಿ ಆರೋಗ್ಯ ಒಬ್ಬರ ಸ್ವಂತ ಸೊತ್ತಾಗಿ ಉಳಿಯುವುದಿಲ್ಲ.

ರುಬೆಲ್ಲಾ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಸಣ್ಣ ಜ್ವರ, ಸಣ್ಣ ದದ್ದು, ಅಷ್ಟೇ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಮಾತ್ರ ಹುಟ್ಟುವ ಮಗು ಕುರುಡು, ಕಿವುಡು, ಹೃದಯದ ದೋಷಕ್ಕೆ ಗುರಿಯಾಗಬಹುದು. ಆದರೂ ಆ ಲಸಿಕೆಯನ್ನು ಗಂಡುಮಕ್ಕಳಿಗೂ ಕೊಡುತ್ತಾರೆ. ಹುಡುಗನಿಗೆ ಅದರಿಂದ ಸಿಗುವ ಲಾಭ ಅಲ್ಪ. ಅದು ಕಾಯುವುದು ಅವನೆಂದೂ ಕಾಣದ ತಾಯಿಯ, ಇನ್ನೂ ಹುಟ್ಟದ ಮಗುವನ್ನು. ಫಲ ಬಯಸದೆ ಮಾಡುವ ಕರ್ಮಕ್ಕೆ ಶಾಸ್ತ್ರಗಳು ಕೊಟ್ಟ ಹಿರಿಮೆ, ನೆರೆಯವರ ಪ್ರೀತಿಗೆ ಕ್ರೈಸ್ತ ಬೋಧೆ ಕೊಟ್ಟ ಸ್ಥಾನ, ಎರಡಕ್ಕೂ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. 2021ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಲಸಿಕೆ ಹಾಕಿಸಿಕೊಳ್ಳುವುದನ್ನು ಪ್ರೀತಿಯ ಕಾರ್ಯವೆಂದದ್ದು ಈ ಅರ್ಥದಲ್ಲೇ.

ಸಂಶಯ, ಸುಳ್ಳು, ಬಲವಂತ

ಲಸಿಕೆಯನ್ನು ವಿರೋಧಿಸಿದವರೆಲ್ಲ ಮೂಢರಲ್ಲ. ಸಿಡುಬಿನ ಲಸಿಕೆಗೆ ಕರುವಿನ ಮೈಮೇಲೆ ಗುಳ್ಳೆ ಎಬ್ಬಿಸಿ ದ್ರವ ತೆಗೆಯುತ್ತಿದ್ದರು. ಗಾಂಧೀಜಿ ಅದನ್ನು ಹಿಂಸೆ ಮತ್ತು ಅಶುದ್ಧಿಯ ಕಾರಣಕ್ಕೆ ಬಲವಾಗಿ ವಿರೋಧಿಸಿದ್ದರು. ಭ್ರೂಣದ ಅಂಗಾಂಶದಿಂದ ದಶಕಗಳ ಹಿಂದೆ ಬೆಳೆಸಿದ ಕೋಶಗಳನ್ನು ಕೆಲವು ಲಸಿಕೆಗಳಿಗೆ ಬಳಸಿದ್ದು ಕೆಥೋಲಿಕರಿಗೆ ಧರ್ಮಸಂಕಟವಾಯಿತು. ಬೇರೆ ಲಸಿಕೆ ಸಿಗದಿದ್ದಾಗ ಅಂಥವನ್ನು ತೆಗೆದುಕೊಳ್ಳಬಹುದು ಎಂದು ವ್ಯಾಟಿಕನ್ 2020ರ ಡಿಸೆಂಬರಿನಲ್ಲಿ ತಿಳಿಸಿತು. ಅಪಾಯದ ಪ್ರಶ್ನೆಯೂ ಇದೆ. ಲಸಿಕೆಯಿಂದ ನೋವು, ಜ್ವರ ಬರುವುದು ಸಾಮಾನ್ಯ; ತೀವ್ರ ಅಲರ್ಜಿ ಬಹು ವಿರಳವಾದರೂ ಇಲ್ಲವೆನ್ನಲಾಗದು. ಕೊಡಿಸಿದ್ದರಿಂದ ಕೇಡಾದರೆ ತಾಯಿತಂದೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ಕೊಡಿಸದೆ ಕೇಡಾದರೆ ವಿಧಿಯನ್ನು ದೂರುತ್ತಾರೆ. ಆದರೆ ಕರ್ಮ ಮತ್ತು ಅಕರ್ಮದ ವಿಚಾರ ಮಾಡುವ ಗೀತೆಯ ನಾಲ್ಕನೇ ಅಧ್ಯಾಯದ ದೃಷ್ಟಿಯಿಂದ ಸುಮ್ಮನಿರುವುದೂ ಒಂದು ಆಯ್ಕೆ. ಅದರ ಹೊಣೆಯಿಂದಲೂ ಬಿಡುಗಡೆಯಿಲ್ಲ.

ಒಳ್ಳೆಯ ಉದ್ದೇಶಕ್ಕಾಗಿ ಸುಳ್ಳು ಹೇಳಬಹುದೇ ಎಂಬ ಪ್ರಶ್ನೆಯೂ ಲಸಿಕೆಯ ಚರಿತ್ರೆಯಲ್ಲಿದೆ. ಗೋಸಿಡುಬಿನ ಲಸಿಕೆ ಧನ್ವಂತರಿಯ ಕಾಲದಿಂದಲೇ ಭಾರತದಲ್ಲಿತ್ತು ಎಂಬ ವಾದ 1819ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂತು. ಜನ ಲಸಿಕೆಯನ್ನು ತಮ್ಮದೆಂದು ಒಪ್ಪಲಿ ಎಂದು ಬ್ರಿಟಿಷ್ ಅಧಿಕಾರಿಗಳ ವಲಯದಲ್ಲಿ ಇಂಥ ರಚನೆಗಳು ಹುಟ್ಟಿದ್ದವು. ಯಾವ ಪ್ರಾಚೀನ ಗ್ರಂಥದಲ್ಲೂ ಅದಕ್ಕೆ ಆಧಾರ ಸಿಕ್ಕಿಲ್ಲ. ಆ ಮಾತು ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. ಲಸಿಕೆ ನಡೆಯುವುದು ನಂಬಿಕೆಯ ಮೇಲೆ. ಸುಳ್ಳಿನಿಂದ ಗಳಿಸಿದ ನಂಬಿಕೆ ಒಂದು ದಿನ ಲಸಿಕೆಯ ಮೇಲೇ ಸಂಶಯ ತರುತ್ತದೆ. ಬಲವಂತವೂ ಹೀಗೆಯೇ. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪು ಕೊಟ್ಟಿತು. ಮನವೊಲಿಕೆಯ ದಾರಿಗೆ ಎಷ್ಟು ಬಲವಿದೆ ಎಂಬುದನ್ನು ಪೋಲಿಯೊ ಹೋರಾಟ ತೋರಿಸಿದೆ. ಉತ್ತರ ಪ್ರದೇಶದಲ್ಲಿ ಸಂಶಯ ದಟ್ಟವಾಗಿದ್ದ ಕಡೆ ಮೌಲ್ವಿಗಳೇ ಮುಂದೆ ನಿಂತು ಪೋಲಿಯೊ ಹನಿ ಹಾಕಿಸಿದರು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಪ್ರಮಾಣಪತ್ರ ಪಡೆಯಿತು.

ಇಷ್ಟರ ಮೇಲೆ ಬರುವ ತೀರ್ಮಾನ ಸರಳ. ರೋಗ ದೈವೇಚ್ಛೆ ಎಂದು ನಂಬುವವರಿಗೆ ರೋಗವನ್ನು ಎದುರಿಸಲು ಕಲಿಯುವ ದೇಹವೂ ದೈವದ್ದೇ ಕೊಡುಗೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ನಂಬಿಕೆಯಲ್ಲಿ ಆಧಾರವಿಲ್ಲ. ದೈವವನ್ನು ನಂಬದವರಿಗೂ ನೆರೆಯವರ ಕೂಸಿನ ಹೊಣೆ ತಪ್ಪದು. ಹರಕೆ ಮನಸ್ಸಿಗೆ ಧೈರ್ಯ ಕೊಡುತ್ತದೆ, ಪ್ರತಿಕಾಯ ಕೊಡುವುದಿಲ್ಲ. ಲಸಿಕೆ ಪ್ರತಿಕಾಯ ಕೊಡುತ್ತದೆ, ಹರಕೆಗೆ ಅಡ್ಡಬರುವುದಿಲ್ಲ. ಜುವಾರಿನಗರದಂಥ ಕಡೆಗೆ ಗುಳೆ ಹೋಗುವ ಕುಟುಂಬಗಳು ಮಗುವಿನ ಲಸಿಕೆಗಳ ದಾಖಲೆಯಿರುವ ತಾಯಿ ಕಾರ್ಡನ್ನು ಊರಿನಲ್ಲಿ ಬಿಡದೆ ಜೊತೆಗೆ ಒಯ್ಯಬೇಕು. ಸರ್ಕಾರದ ಪಟ್ಟಿಯ ಲಸಿಕೆಗಳನ್ನು ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಉಚಿತವಾಗಿ ಹಾಕುತ್ತಾರೆ. ನಡುವೆ ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದು.